ದೋಣಿಯ ಮೈ ಉಜ್ಜುವ ಕಲೆ: ಕುರಂದದ ಕಲ್ಲಿನಿಂದ ಕರೆಂಟಿನ ಯಂತ್ರದವರೆಗೆ

ಮರ ನುಣುಪು ಮಾಡುವ, ಕಬ್ಬಿಣ ಉಜ್ಜುವ, ಕಲ್ಲಿಗೆ ಹೊಳಪು ಕೊಡುವ ಕೆಲಸಗಾರರು ಪ್ರಪಂಚದ ಯಾವ ಊರಿನಲ್ಲೇ ಇರಲಿ, ‘ಕಾರ್ಬೊರಂಡಮ್’ ಎಂಬ ಹೆಸರನ್ನು ಕೇಳದವರು ಕಡಿಮೆ. ಆ ಹೆಸರಿನ ಅರ್ಧಭಾಗ ದಕ್ಷಿಣ ಭಾರತದ್ದು ಎಂಬ ಸಂಗತಿ ಮಾತ್ರ ಅಷ್ಟಾಗಿ ಪ್ರಚಾರದಲ್ಲಿಲ್ಲ. ವಜ್ರವನ್ನು ಬಿಟ್ಟರೆ ನಿಸರ್ಗದಲ್ಲಿ ಸಾಮಾನ್ಯವಾಗಿ ಸಿಗುವ ಖನಿಜಗಳ ಪೈಕಿ ಅತ್ಯಂತ ಗಟ್ಟಿಯಾದದ್ದು ಕೊರಂಡಮ್. ತಮಿಳಿನ ‘ಕುರುಂದಂ’, ಸಂಸ್ಕೃತದ ‘ಕುರುವಿಂದ’ ಎಂಬ ಮಾತುಗಳಿಂದ ಈ ಹೆಸರು ಯುರೋಪಿನ ಭಾಷೆಗಳಿಗೆ ಹೋಯಿತು. ಕನ್ನಡದಲ್ಲಿ ಅದು ಕುರಂದದ ಕಲ್ಲು. ಇದೇ ಖನಿಜ ಕೆಂಪು ಬಣ್ಣದಲ್ಲಿ ಪಾರದರ್ಶಕವಾಗಿ ಸಿಕ್ಕರೆ ಮಾಣಿಕ್ಯ, ನೀಲಿಯಾಗಿ ಸಿಕ್ಕರೆ ನೀಲಮಣಿ. ಬಣ್ಣವೂ ಹೊಳಪೂ ಇಲ್ಲದೆ ಮಣ್ಣಿನಲ್ಲಿ ಬಿದ್ದಿದ್ದರೆ ಸಾಣೆಗೆ ಪುಡಿ.

ಇಂಗ್ಲೆಂಡಿನ ಚಾರ್ಲ್ಸ್ ಗ್ರೆವಿಲ್ 1798ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಕೊರಂಡಮ್ ಕಲ್ಲಿನ ಬಗ್ಗೆ ಪ್ರಬಂಧ ಪ್ರಕಟಿಸುವ ಹೊತ್ತಿಗೆ, ಇಲ್ಲಿನ ಕಸುಬುದಾರರು ಅದನ್ನು ತಲೆಮಾರುಗಳಿಂದ ಬಳಸುತ್ತಿದ್ದರು. ಹಾಸನ, ಮೈಸೂರು, ತುಮಕೂರು ಮೊದಲಾದ ಜಿಲ್ಲೆಗಳಲ್ಲಿ ಈ ಕಲ್ಲು ದೊರೆಯುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಆಳವಾದ ಗಣಿ ತೋಡದೆ, ಹೊಲದ ಮೇಲ್ಮಣ್ಣಿನಿಂದ ಆರಿಸಿ ತೆಗೆಯುವ ರೂಢಿಯೂ ಇತ್ತು. ಆರಿಸಿದ ಕಲ್ಲನ್ನು ಕುಟ್ಟಿ, ಪುಡಿಯನ್ನು ಅರಗಿನೊಂದಿಗೆ ಬೆರೆಸಿ, ಬಿಸಿಯಲ್ಲಿ ಚಕ್ರವಾಗಿ ಎರೆದರೆ ಸಾಣೆ ಸಿದ್ಧ. ಬೀದಿ ಬೀದಿ ತಿರುಗಿ ಚಾಕು, ಕತ್ತರಿ, ಕುಡುಗೋಲಿಗೆ ಸಾಣೆ ಹಿಡಿಯುತ್ತಿದ್ದವರ ಚಕ್ರವೂ, ಹರಳು ತಿದ್ದುವವರ ಚಕ್ರವೂ ಈ ಜಾತಿಯವು. ಇಂದಿನ ಗ್ರೈಂಡಿಂಗ್ ಚಕ್ರದ ತತ್ವವೂ ಇದೇ: ಗಟ್ಟಿ ಹರಳು, ಅದನ್ನು ಹಿಡಿದಿಡುವ ಅಂಟು, ತಿರುಗಿಸುವ ಶಕ್ತಿ.

ಹರಳು, ಅಂಟು, ಶಕ್ತಿ ಈ ಮೂರರ ಚರಿತ್ರೆಯನ್ನು ಒಂದು ಸಣ್ಣ ಕೆಲಸದ ಮೂಲಕ ನೋಡಬಹುದು. ಅದು ದೋಣಿಯ ಮೈ ಉಜ್ಜುವ ಕೆಲಸ. ನದಿಯಿಲ್ಲದ ಊರಿಗೆ ದೋಣಿಯ ಚಿಂತೆ ಏಕೆ ಎಂದು ಕೇಳಬಹುದಾದ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಟ್ಟಿಗೂ ಈಗ ಅದು ಅಪ್ರಸ್ತುತವಲ್ಲ.

ಉಜ್ಜಬೇಕಿಲ್ಲದ ದೋಣಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕೂ ತಾಲ್ಲೂಕುಗಳು ಕೆರೆಗಳ ನಾಡು. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿಯಾಗಲಿ, ದಕ್ಷಿಣ ಪಿನಾಕಿನಿಯಾಗಲಿ ಇಲ್ಲಿ ವರ್ಷವಿಡೀ ದೋಣಿ ನಡೆಸುವಷ್ಟು ನೀರು ಹರಿಸಿದ ಹೊಳೆಗಳಲ್ಲ. ಮಳೆನೀರನ್ನು ಏರಿ ಕಟ್ಟಿ ನಿಲ್ಲಿಸಿದ ಹೊಸಕೋಟೆಯ ದೊಡ್ಡಕೆರೆ, ದೊಡ್ಡಬಳ್ಳಾಪುರದ ನಾಗರಕೆರೆಯಂಥ ಜಲಾಶಯಗಳಲ್ಲಿ ಮಾತ್ರ ತೇಲುವ ಸಾಧನಕ್ಕೆ ಕೆಲಸ. ಆ ಸಾಧನ ಹರಿಗೋಲು. ಕೆಲವರ ಬಾಯಲ್ಲಿ ತೆಪ್ಪ.

ಹರಿಗೋಲಿನ ರಚನೆ ಸರಳ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ದುಂಡಗೆ ಹೆಣೆದು, ಹೊರಮೈಗೆ ಚರ್ಮ ಹೊದಿಸಿದರೆ ಆಯಿತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ತುಂಗಭದ್ರೆಯನ್ನು ಜನ ಇಂಥ ಬುಟ್ಟಿದೋಣಿಗಳಲ್ಲಿ ದಾಟುವುದನ್ನು ಕಂಡು ಬರೆದಿದ್ದಾನೆ. ಹೊರಗೆ ಚರ್ಮವಿದ್ದ ಆ ದುಂಡು ದೋಣಿಗಳು ನೇರ ಹೋಗದೆ ಗಿರಗಿರನೆ ತಿರುಗುತ್ತಾ ಸಾಗುತ್ತಿದ್ದುದು ಅವನಿಗೆ ವಿಚಿತ್ರವಾಗಿ ಕಂಡಿತ್ತು. ಮುಂದೆ ಚರ್ಮದ ಜಾಗಕ್ಕೆ ಡಾಂಬರು ಬಳಿದ ಗೋಣಿ ಬಂತು, ಅನಂತರ ಪ್ಲಾಸ್ಟಿಕ್ ಚೀಲ, ಹಾಳೆಗಳು ಬಂದವು. ಹೆಣಿಗೆಯ ವಿಧಾನ ಹೆಚ್ಚು ಬದಲಾಗಲಿಲ್ಲ.

ಇಂಥ ದೋಣಿಗೆ ಉಜ್ಜುವ ಕೆಲಸವೇ ಇಲ್ಲ ಎಂಬುದು ಗಮನಾರ್ಹ. ತಳ ಹರಿದರೆ ತೇಪೆ, ಸೋರಿದರೆ ಇನ್ನೊಂದು ಕೈ ಡಾಂಬರು, ಬಿದಿರು ಲಡ್ಡಾದರೆ ಹೊಸ ಹರಿಗೋಲು. ಅದರ ಮೈ ಒಂದು ಹೊದಿಕೆ. ಹೊದಿಕೆಯನ್ನು ಬದಲಿಸುತ್ತಾರೆಯೇ ಹೊರತು ನುಣುಪು ಮಾಡುವುದಿಲ್ಲ. ಉಜ್ಜುವ ಅಗತ್ಯ ಬಂದದ್ದು, ಹೊದಿಕೆಯೂ ಹಂದರವೂ ಒಂದೇ ಆಗಿರುವ ದೋಣಿಗಳಲ್ಲಿ. ಅವನ್ನು ನೋಡಲು ಘಟ್ಟ ಇಳಿದು ಕರಾವಳಿಗೆ ಹೋಗಬೇಕು.

ಹಲಗೆಯ ಮೈ

ಕಡಲಿನ ದೋಣಿ ಹಲಗೆಗಳಿಂದಾದದ್ದು. ಪಶ್ಚಿಮ ಕರಾವಳಿಯಲ್ಲಿ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿಯುವ ಪದ್ಧತಿ ಬಹಳ ಹಳೆಯದು. ಅಜಂತಾದ ಚಿತ್ರವೊಂದರ ಹಡಗನ್ನು ಮಾದರಿಯಾಗಿಟ್ಟುಕೊಂಡು ಇದೇ ಕ್ರಮದಲ್ಲಿ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು ನೌಕಾಪಡೆ 2025ರ ಮೇ 21ರಂದು ಕಾರವಾರದಲ್ಲಿ ತನ್ನ ಬಳಗಕ್ಕೆ ಸೇರಿಸಿಕೊಂಡಿತು. ಹೊಲಿದ ದೋಣಿಯಾಗಲಿ, ಮೊಳೆ ಹೊಡೆದ ದೋಣಿಯಾಗಲಿ, ಹಲಗೆಗಳ ಸಂದಿನಲ್ಲಿ ನಾರು ಅಥವಾ ಹತ್ತಿ ತುಂಬಿ, ರಾಳ ಮೆತ್ತಿ, ಮೇಲೆ ಎಣ್ಣೆ ಉಣಿಸುವುದು ಸಂಪ್ರದಾಯ. ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ ಇದಕ್ಕೆ ಬಳಕೆಯಾಗುತ್ತಿದ್ದವು.

ಕಡಲ ನೀರಿನಲ್ಲಿ ನಿಂತ ದೋಣಿಯ ತಳಕ್ಕೆ ಪಾಚಿ ಹಿಡಿಯುತ್ತದೆ. ಬಾರ್ನಕಲ್ ಎಂಬ ಚಿಪ್ಪಿನ ಜೀವಿಗಳು ಸಿಮೆಂಟಿನಂತೆ ಕಚ್ಚಿಕೊಳ್ಳುತ್ತವೆ. ತಳ ಒರಟಾದಷ್ಟೂ ನೀರಿನ ತಡೆ ಹೆಚ್ಚು. ಹುಟ್ಟು ಹಾಕುವವರಿಗೆ ದಣಿವು, ಎಂಜಿನ್ ಇದ್ದರೆ ಡೀಸೆಲ್ ಖರ್ಚು. ಹೀಗಾಗಿ ಕಾಲಕಾಲಕ್ಕೆ ದೋಣಿಯನ್ನು ದಡಕ್ಕೆಳೆದು ಮಗುಚಿ, ಹೆರೆದು, ಉಜ್ಜಿ, ಮತ್ತೆ ಎಣ್ಣೆಯನ್ನೋ ಬಣ್ಣವನ್ನೋ ಬಳಿಯಬೇಕಾಗುತ್ತದೆ. ಬಾಚಿ, ಉಳಿ, ತೋಪಡಗಳಲ್ಲಿ ಆಗುವ ಕೆಲಸ ಹೆರೆಯುವುದು. ಉಜ್ಜುವುದು ಬೇರೆಯೇ ಕೆಲಸ. ಹೆರೆಯುವಾಗ ಉಪಕರಣದ ಒಂದೇ ಅಲಗು ಮರವನ್ನು ಸೀಳುತ್ತದೆ. ಉಜ್ಜುವಾಗ ಸಾವಿರಾರು ಸಣ್ಣ ಹರಳುಗಳು ತಲಾ ಒಂದೊಂದು ಗೀರು ಎಳೆಯುತ್ತವೆ. ನುಣುಪು ಎನ್ನುವುದು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಗೀರುಗಳ ಇನ್ನೊಂದು ಹೆಸರು.

ಈ ಗೀರು ಎಷ್ಟು ಸೂಕ್ಷ್ಮವಾಗಿರಬೇಕು ಎಂಬುದನ್ನು ಕುಶಲಕರ್ಮಿಗಳು ಕಾಗದ ಬರುವ ಮೊದಲೇ ಬಲ್ಲವರಾಗಿದ್ದರು. ಹಲವು ದೇಶಗಳ ಬಡಗಿಗಳು ಶಾರ್ಕ್ ಮೀನಿನ ಒರಟು ಚರ್ಮದಿಂದ ಮರ ಉಜ್ಜುತ್ತಿದ್ದರು. 1986ರಿಂದ 2007ರವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಭಾಗವೇ ಆಗಿದ್ದ ಚನ್ನಪಟ್ಟಣದಲ್ಲಿ, ಕಟ್ಟಿಗೆಯ ಆಟಿಕೆಗೆ ಅರಗಿನ ಬಣ್ಣ ಹಿಡಿಸಿದ ಮೇಲೆ ಕೊನೆಯ ಹೊಳಪು ಕೊಡುವುದು ತಾಳೆಗರಿ, ಅಂದರೆ ಕೇದಗೆ ಜಾತಿಯ ಗಿಡದ ಎಲೆ. ತಿರುಗಿಸುವ ಯಂತ್ರಕ್ಕೆ ಅಲ್ಲಿ ವಿದ್ಯುತ್ ಬಂದರೂ ಎಲೆಯ ಸ್ಥಾನ ಉಳಿಯಿತು. ಶಕ್ತಿ ಎಲ್ಲಿಂದಲೇ ಬರಲಿ, ಮೈಗೆ ತಾಗುವುದು ಏನು ಎಂಬುದೇ ಅಲ್ಲಿ ಮುಖ್ಯ.

ಮರಳಿಲ್ಲದ ಮರಳುಕಾಗದ

ಹರಳನ್ನು ಹಾಳೆಗೆ ಅಂಟಿಸುವ ಉಪಾಯ 13ನೆಯ ಶತಮಾನದ ಚೀನಾದಲ್ಲಿತ್ತು. ಚಿಪ್ಪು, ಬೀಜ, ಮರಳುಗಳ ಪುಡಿಯನ್ನು ಚರ್ಮದ ಹಾಳೆಗೆ ಗಿಡದ ಗೋಂದಿನಿಂದ ಅಂಟಿಸುತ್ತಿದ್ದರು. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿ ಅಂಟಿಸಿದ ಕಾಗದದ ತಯಾರಿಕೆ ಆರಂಭಿಸಿದ. ಮರುವರ್ಷ ಅಮೆರಿಕದ ಐಸಾಕ್ ಫಿಶರ್ ಇಂಥ ಕಾಗದಕ್ಕೆ ಪೇಟೆಂಟ್ ಪಡೆದ. ಹೆಸರು ಮರಳುಕಾಗದವಾದರೂ ಇಂದಿನ ಕಾಗದದಲ್ಲಿ ಮರಳು ಇರುವುದಿಲ್ಲ.

ನೈಸರ್ಗಿಕ ಕೊರಂಡಮ್‌ಗೆ ಪ್ರತಿಸ್ಪರ್ಧಿ ಹುಟ್ಟಿದ್ದು 1891ರಲ್ಲಿ. ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡುವ ಆಸೆಯಿಂದ ಜೇಡಿಮಣ್ಣು ಮತ್ತು ಕೋಕನ್ನು ಬೆರೆಸಿ ವಿದ್ಯುತ್ತಿನಿಂದ ಕಾಯಿಸಿದಾಗ ಮಿರುಗುವ ಹರಳುಗಳು ಸಿಕ್ಕವು. ಅವು ಇಂಗಾಲ ಮತ್ತು ಕೊರಂಡಮ್‌ಗಳ ಸಂಯುಕ್ತವೆಂದು ಭಾವಿಸಿ ಅವನು ಇಟ್ಟ ಹೆಸರೇ ಕಾರ್ಬೊರಂಡಮ್. ಅದರಲ್ಲಿ ಕೊರಂಡಮ್ ಇರಲಿಲ್ಲ. ಅದು ಸಿಲಿಕಾನ್ ಕಾರ್ಬೈಡ್. ಆದರೆ ಹೆಸರು ಉಳಿಯಿತು, ಅದರೊಂದಿಗೆ ನಮ್ಮ ಕುರಂದವೂ ಉಳಿಯಿತು. ನಯಾಗರಾ ಜಲಪಾತದ ವಿದ್ಯುತ್ತನ್ನು ನೆಚ್ಚಿ ಕಾರ್ಖಾನೆ ಎದ್ದಿತು. ಅಲ್ಯೂಮಿನಿಯಂ ಆಕ್ಸೈಡ್ ರೂಪದ ಕೃತಕ ಕೊರಂಡಮ್ ಕೂಡ ವಿದ್ಯುತ್ ಕುಲುಮೆಯಲ್ಲಿ ತಯಾರಾಗತೊಡಗಿದಾಗ, ಹೊಲದಲ್ಲಿ ಕಲ್ಲು ಆರಿಸುವ ಕಸುಬಿಗೆ ಹಿಂದಿನ ಬೆಲೆ ಉಳಿಯಲಿಲ್ಲ.

ಇದೇ ಕಾಲದ ಇನ್ನೊಂದು ಪ್ರಸಂಗ ಸ್ವಾರಸ್ಯಕರವಾಗಿದೆ. 1902ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕೊರಂಡಮ್ ಗಣಿಗಾರಿಕೆಗೆಂದೇ ಒಂದು ಕಂಪನಿ ಹುಟ್ಟಿಕೊಂಡಿತು. ತೋಡಿ ತೆಗೆದದ್ದು ಕೊರಂಡಮ್ ಅಲ್ಲ, ಉಜ್ಜಲು ಬಾರದ ಬೇರೊಂದು ಕಲ್ಲು ಎಂಬುದು ಆಮೇಲೆ ತಿಳಿಯಿತು. ಗಣಿ ಕೈಕೊಟ್ಟ ಮೇಲೆ ಆ ಕಂಪನಿ ಮರಳುಕಾಗದದ ತಯಾರಿಕೆಗೆ ಇಳಿಯಿತು. ಅದೇ ಇಂದಿನ 3ಎಂ. 1921ರಲ್ಲಿ ಫ್ರಾನ್ಸಿಸ್ ಓಕಿ ಎಂಬಾತನ ಶೋಧವನ್ನು ಪಡೆದು ಅದು ನೀರಿನಲ್ಲಿ ನೆನೆದರೂ ಕೆಡದ ಕಾಗದವನ್ನು ಮಾರುಕಟ್ಟೆಗೆ ತಂದಿತು. ಒದ್ದೆ ಮಾಡಿ ಉಜ್ಜಿದರೆ ಗೀರು ನಯವಾಗುತ್ತದೆ ಎಂಬುದು ಅದರ ಒಂದು ಗುಣ. ಇನ್ನೊಂದು ಗುಣ ಇನ್ನೂ ದೊಡ್ಡದು: ಧೂಳು ಗಾಳಿಗೆ ಏಳುವುದಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಕೈಗೆ ಬಂದ ಕರೆಂಟು

ಮೈಸೂರು ಸಂಸ್ಥಾನದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ಆ ಹೊತ್ತಿಗೆ ವಿದ್ಯುತ್ ಮೋಟಾರನ್ನು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡುವ ಪ್ರಯತ್ನ ಯುರೋಪಿನಲ್ಲಿ ಫಲ ಕೊಟ್ಟಿತ್ತು. ಜರ್ಮನಿಯ ಸ್ಟುಟ್‌ಗಾರ್ಟಿನ ಫೈನ್ ಸಂಸ್ಥೆ 1895ರಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರಿಲ್ ತಯಾರಿಸಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್, ಪಿಸ್ತೂಲಿನಂಥ ಹಿಡಿ ಮತ್ತು ಕುದುರೆಯಿರುವ ಡ್ರಿಲ್ಲಿಗೆ ಪೇಟೆಂಟ್ ಪಡೆಯಿತು. ಇಂದು ವೆಲ್ಡಿಂಗ್ ಅಂಗಡಿಯಿಂದ ಗಾರೆ ಕೆಲಸದವರೆಗೆ ಎಲ್ಲೆಲ್ಲೂ ಕಾಣುವ ಆಂಗಲ್ ಗ್ರೈಂಡರ್ 1954ರಲ್ಲಿ ಜರ್ಮನಿಯಲ್ಲಿ ಬಂದದ್ದು. ಬೆಲ್ಟ್ ಸ್ಯಾಂಡರ್, ಆರ್ಬಿಟಲ್ ಸ್ಯಾಂಡರ್‌ಗಳೂ 20ನೆಯ ಶತಮಾನದ ಕೂಸುಗಳು.

ಭಾರತದಲ್ಲಿ ಗ್ರೈಂಡಿಂಗ್ ಚಕ್ರಗಳ ತಯಾರಿಕೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಶುರುವಾಯಿತು. ಆಗ ಆರಂಭವಾದ ಉದ್ಯಮವೇ ಮುಂದೆ ಗ್ರೈಂಡ್‌ವೆಲ್ ನಾರ್ಟನ್ ಎಂದಾಯಿತು. ಹಳೆ ಮದ್ರಾಸ್ ರಸ್ತೆಯಿಂದ ದೇವನಹಳ್ಳಿಯ ಕಡೆಗೆ ಕವಲೊಡೆಯುವ ರಸ್ತೆಯಲ್ಲಿ ಅದರ ಬೆಂಗಳೂರು ಕಾರ್ಖಾನೆ ಇದೆ. ಕುರಂದದ ಪುಡಿಗೆ ಅರಗು ಬೆರೆಸಿ ಸಾಣೆ ಎರೆದ ನಾಡಿನಲ್ಲಿ, ಕೃತಕ ಹರಳಿಗೆ ಹೊಸ ಅಂಟು ಬೆರೆಸಿ ಚಕ್ರ ಮಾಡುವ ಕೆಲಸ ಹೀಗೆ ಹೊಸಕೋಟೆಯ ಮಗ್ಗುಲಿಗೇ ಬಂದಿತು.

ಬೆಳ್ಳಂದೂರಿನಲ್ಲಿ ಇಳಿದ ದೋಣಿಗಳು

ಬೆಂಗಳೂರು ಸೀಮೆ ಕಂಡ ಅತಿದೊಡ್ಡ ದೋಣಿಗಳು ಬಂದದ್ದು ನೀರಿನ ಮೇಲಲ್ಲ, ಆಕಾಶದಿಂದ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಯುದ್ಧದ ತುರ್ತಿನಲ್ಲಿ 1943ರಲ್ಲಿ ಅಮೆರಿಕದ ವಾಯುಸೇನೆಯ ಉಸ್ತುವಾರಿಗೆ ಹೋಯಿತು. ಅಲ್ಲಿ ದುರಸ್ತಿಯಾದ ವಿಮಾನಗಳಲ್ಲಿ ‘ಕ್ಯಾಟಲಿನಾ’ ಎಂಬ ಹಾರುವ ದೋಣಿಗಳೂ ಇದ್ದವು. ಸುಮಾರು 31.7 ಮೀಟರ್ ರೆಕ್ಕೆಯ ಹರವಿನ ಈ ವಿಮಾನದ ಒಡಲು ನಿಜವಾಗಿಯೂ ದೋಣಿಯ ಒಡಲೇ. ಅವು ಕಾರ್ಖಾನೆಗೆ ಸಮೀಪದ ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಬೆಂಗಳೂರು ಜಿಲ್ಲೆ ನಗರ ಮತ್ತು ಗ್ರಾಮಾಂತರ ಎಂದು ಒಡೆದದ್ದು 1986ರಲ್ಲಿ. ಅಂದು ಬೆಳ್ಳಂದೂರೂ ಹೊಸಕೋಟೆಯೂ ಒಂದೇ ಜಿಲ್ಲೆ.

ದೋಣಿಯ ಮೈ ಉಜ್ಜುವವರಿಗೆ ಈ ಜಾತಿಯ ಒಡಲು ಹೊಸ ಪಾಠ ಹೇಳುತ್ತದೆ. ವಿಮಾನದ ಮೈಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹದ ತಗಡು ಗಟ್ಟಿ, ಆದರೆ ಸವಕಳಿಗೆ ಬೇಗ ತುತ್ತಾಗುತ್ತದೆ. ಆದ್ದರಿಂದ ಅಂಥ ತಗಡಿನ ಎರಡೂ ಬದಿಗೆ ಶುದ್ಧ ಅಲ್ಯೂಮಿನಿಯಂನ ಅತಿ ತೆಳುವಾದ ಪದರವನ್ನು ಹೊದಿಸುವುದುಂಟು. ಒರಟು ಕಾಗದ ಹಿಡಿದು ಬಲವಾಗಿ ಉಜ್ಜಿದರೆ ಮೊದಲು ಹೋಗುವುದು ಈ ರಕ್ಷಾಕವಚ. ತಂತಿಯ ಉಕ್ಕಿನ ಬ್ರಷ್ ಬಳಸಿದರೆ ಅದರ ಚೂರುಗಳು ತಗಡಿನಲ್ಲಿ ಹೂತು, ಅಲ್ಲಿಂದಲೇ ಸವಕಳಿ ಶುರುವಾಗುತ್ತದೆ. ಇದೇ ಭಯದಿಂದ ಅಲ್ಯೂಮಿನಿಯಂ ಮೈಗೆ ಸಿಲಿಕಾನ್ ಕಾರ್ಬೈಡ್ ಕಾಗದ ಬೇಡ, ಅಲ್ಯೂಮಿನಿಯಂ ಆಕ್ಸೈಡ್ ಕಾಗದವೇ ಆಗಬೇಕು ಎಂಬ ನಿಯಮ ವಿಮಾನ ದುರಸ್ತಿಯಲ್ಲಿ ನೆಲೆಗೊಂಡಿದೆ. ಅಂದರೆ ಕಾರ್ಬೊರಂಡಮ್ ಸೋತು ಕುರಂದದ ವಂಶವೇ ಗೆದ್ದ ಜಾಗ ಇದು. ಹೆಚ್ಚು ಗಟ್ಟಿಯಾದ ಹರಳೇ ಹೆಚ್ಚು ಒಳ್ಳೆಯದು ಎಂಬ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ.

ಫೈಬರ್ ಹರಿಗೋಲು ತಂದ ಪ್ರಶ್ನೆ

ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ದೋಣಿ ಎರೆಯುವ ವಿಧಾನ 1940ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಕರ್ನಾಟಕದ ಕರಾವಳಿಯಲ್ಲಿ ಫೈಬರ್ ದೋಣಿಗಳು ಈಗ ಸಾಮಾನ್ಯ ದೃಶ್ಯ. ಒಳನಾಡಿನ ಮೀನುಗಾರರಿಗೆ ಫೈಬರ್ ಗ್ಲಾಸ್ ಹರಿಗೋಲು ಕೊಳ್ಳಲು ಮೀನುಗಾರಿಕೆ ಇಲಾಖೆ ಸಹಾಯಧನ ನೀಡಿದ್ದೂ ಉಂಟು. ಕೆರೆಯ ಮೀನು ಪಾಶುವಾರು ಹಕ್ಕನ್ನು ಗುತ್ತಿಗೆ ಹಿಡಿದು ಕಟ್ಲಾ, ರೋಹು ಬೆಳೆಸುವವರಿಗೆ ಇದು ಅನುಕೂಲದ ಸಾಧನ: ಕೊಳೆಯುವುದಿಲ್ಲ, ಪದೇಪದೇ ಹೊದಿಕೆ ಬದಲಿಸಬೇಕಾಗಿಲ್ಲ. ಆದರೆ ಬಂಡೆಗೆ ತಾಗಿ ಬಿರುಕು ಬಿಟ್ಟರೆ ಇದಕ್ಕೆ ಗೋಣಿಯ ತೇಪೆ, ಡಾಂಬರು ಹಿಡಿಯುವುದಿಲ್ಲ. ಉಜ್ಜದೆ ದುರಸ್ತಿಯಿಲ್ಲ. ಸಾವಿರ ವರ್ಷ ಬೇಕಿಲ್ಲದಿದ್ದ ಕೆಲಸ ಹೀಗೆ ಕೆರೆಯಂಗಳಕ್ಕೆ ಬಂದಿದೆ.

ಇಲ್ಲಿ ಉಜ್ಜುವುದರ ಉದ್ದೇಶ ಮೊದಲ ಹಂತದಲ್ಲಿ ನುಣುಪಲ್ಲ, ಒರಟು. ಹೊಳೆಯುವ ಮೈಯ ಮೇಲೆ ಹೊಸ ರಾಳ ಕೂರುವುದಿಲ್ಲ. ಒಣಗಿದ ಮೇಲೆ ಸಿಪ್ಪೆಯಂತೆ ಎದ್ದು ಬರುತ್ತದೆ. ಬಿರುಕಿನ ಸುತ್ತ ಇಳಿಜಾರಾಗಿ ಉಜ್ಜಿ, ಗೀರು ಹಾಕಿ, ಆ ಗೀರುಗಳಿಗೆ ಹೊಸ ಪದರ ಕಚ್ಚಿಕೊಳ್ಳುವಂತೆ ಮಾಡಬೇಕು. ತೇಪೆ ಗಟ್ಟಿಯಾದ ಮೇಲೆ ನುಣುಪಿನ ಸರದಿ.

ಯಾವ ಯಂತ್ರ? ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕೈಗೆ ಸಿಗುವುದು ನಾಲ್ಕು ಅಂಗುಲದ ಆಂಗಲ್ ಗ್ರೈಂಡರ್. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಫೈಬರ್ ದೋಣಿಯ ಹೊರಮೈಯ ಬಣ್ಣದ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನದು. ನೀರು ಒಳಗಿನ ಗಾಜಿನ ಎಳೆಗಳಿಗೆ ಇಳಿಯದಂತೆ ತಡೆಯುವುದು ಆ ಪದರವೇ. ಒರಟು ಡಿಸ್ಕು ಹಾಕಿದ ಗ್ರೈಂಡರ್ ಒಂದೆಡೆ ಕ್ಷಣ ತಂಗಿದರೂ ಪದರ ಮಾಯವಾಗಿ ಕುಳಿ ಬೀಳುತ್ತದೆ. ಬಿರುಕನ್ನು ಅಗಲಿಸಿ ಇಳಿಜಾರು ಮಾಡುವ ಮೊದಲ ಕೆಲಸಕ್ಕೆ ಅದು ಸರಿ, ಅದೂ ಪಳಗಿದ ಕೈಯಲ್ಲಿ. ಇಡೀ ತಳಕ್ಕೆ ಅದನ್ನು ಓಡಿಸುವುದು ದುರಸ್ತಿಯಲ್ಲ, ದೋಣಿಯನ್ನು ತೆಳ್ಳಗೆ ಮಾಡುವುದು.

ಬೆಲ್ಟ್ ಸ್ಯಾಂಡರ್ ಬಾಗಿಲಿಗೆ, ಮೇಜಿಗೆ, ನೇರ ಹಲಗೆಗೆ ಒಳ್ಳೆಯದು. ಬಟ್ಟಲಿನಂತೆ ಬಾಗಿದ ಹರಿಗೋಲಿನ ಮೈಗೆ ಅದು ಒಂದು ಗೆರೆಯಲ್ಲಷ್ಟೇ ತಾಗಿ ಅಲ್ಲಲ್ಲಿ ಚಪ್ಪಟೆ ಮಾಡುತ್ತದೆ. ಹೊಲಿದ ಹಲಗೆದೋಣಿಯ ಮೇಲೆ ಓಡಿಸಿದರಂತೂ ಹೊಲಿಗೆಯ ಹಗ್ಗವೇ ಕತ್ತರಿಸಿಹೋದೀತು. ದೋಣಿ ಕೆಲಸಕ್ಕೆ ಹೆಚ್ಚು ಹೊಂದುವುದು ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್. ಅದರ ದುಂಡು ತಟ್ಟೆ ತಿರುಗುತ್ತಲೇ ಕೆಲವು ಮಿಲಿಮೀಟರಿನಷ್ಟು ಅತ್ತಿತ್ತ ಅಲುಗುವುದರಿಂದ ಒಂದೇ ಜಾಗದಲ್ಲಿ ಒಂದೇ ಗೀರು ಆಳವಾಗುವುದಿಲ್ಲ. ತಟ್ಟೆಗೂ ಕಾಗದಕ್ಕೂ ನಡುವೆ ಮೆತ್ತನೆಯ ಸ್ಪಂಜಿನ ಪ್ಯಾಡ್ ಇಟ್ಟರೆ ಬಾಗಿದ ಮೈಗೂ ಒಗ್ಗುತ್ತದೆ. ಅಗಲವಾದ ದೋಣಿಯ ಮೈ ಅಲೆಯಲೆಯಾಗದಂತೆ ನೋಡಿಕೊಳ್ಳಲು ಮಾತ್ರ ಉದ್ದನೆಯ ಹಲಗೆಗೆ ಕಾಗದ ಸುತ್ತಿ ಇಬ್ಬರು ಕೈಯಿಂದ ಉಜ್ಜುವ ಪದ್ಧತಿ ದೊಡ್ಡ ಬೋಟ್‌ಯಾರ್ಡುಗಳಲ್ಲೂ ಬಿಟ್ಟುಹೋಗಿಲ್ಲ. ಉಬ್ಬುತಗ್ಗನ್ನು ಅಂಗೈ ಅರಿಯುವಷ್ಟು ಚೆನ್ನಾಗಿ ಮೋಟಾರು ಅರಿಯದು.

ಕಾಗದದ ನಂಬರಿಗೂ ಕ್ರಮವಿದೆ. ನಂಬರ್ ಕಡಿಮೆಯಾದಷ್ಟೂ ಹರಳು ದಪ್ಪ. 40, 60 ನಂಬರಿನವು ಹಳೆಯ ಬಣ್ಣ, ಗಟ್ಟಿ ತೇಪೆ ಕೀಳಲು. 80 ನಂಬರ್ ರಾಳ ಹಿಡಿಯಬೇಕಾದ ಜಾಗಕ್ಕೆ. 120ರಿಂದ 220 ಬಣ್ಣಕ್ಕೆ ಮುಂಚೆ. 400ಕ್ಕೆ ಮೇಲಿನವು ನೀರು ಹಚ್ಚಿ ಕೈಯಿಂದ ಉಜ್ಜಲು. ಒಂದು ಮೆಟ್ಟಿಲು ಹಾರಿದರೆ ಹಿಂದಿನ ಗೀರು ಅಳಿಸದೆ ಬಣ್ಣದ ಕೆಳಗಿಂದ ಇಣುಕುತ್ತದೆ. ನೀರು ಮತ್ತು ವಿದ್ಯುತ್ ಜೊತೆಗಿರಬಾರದು ಎಂಬುದು ಮತ್ತೊಂದು ಸಂಗತಿ. ಕೆರೆಯ ದಡದಲ್ಲಿ, ಒದ್ದೆ ನೆಲದಲ್ಲಿ, ಪಂಪ್‌ಸೆಟ್ಟಿನಿಂದ ಎಳೆದ ವೈರಿಗೆ ಯಂತ್ರ ಸಿಕ್ಕಿಸುವುದು ಪ್ರಾಣಕ್ಕೆ ಸಂಚಕಾರ. ದೋಣಿಯನ್ನು ಒಣ ಜಾಗಕ್ಕೆ ಸಾಗಿಸಿ, ಸೋರಿಕೆ ವಿದ್ಯುತ್ತನ್ನು ತಡೆಯುವ ಇಎಲ್‌ಸಿಬಿ ಇರುವ ಕಡೆಯೇ ಕೆಲಸ ಮಾಡಬೇಕು. ಕಂಪ್ರೆಸರಿನ ಗಾಳಿಯಿಂದ ನಡೆಯುವ ಸ್ಯಾಂಡರಿಗೆ, ಬ್ಯಾಟರಿಯದಕ್ಕೆ ಈ ಅಪಾಯ ಕಡಿಮೆ. ಮೊದಲನೆಯದಕ್ಕೆ ಕಂಪ್ರೆಸರಿನ ಖರ್ಚು, ಎರಡನೆಯದಕ್ಕೆ ಮತ್ತೆ ಮತ್ತೆ ಚಾರ್ಜ್ ಮಾಡುವ ರೇಜಿಗೆ.

ಧೂಳಿನ ಲೆಕ್ಕ

ಉಜ್ಜಿ ತೆಗೆದದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಯಂತ್ರ ಬಂದ ಮೇಲೆ ದೊಡ್ಡದಾಯಿತು. ಕೈಯಿಂದ ಉಜ್ಜಿದರೆ ಧೂಳು ಬಹುಮಟ್ಟಿಗೆ ಕಾಲ ಬಳಿ ಬೀಳುತ್ತದೆ. ಯಂತ್ರ ಅದನ್ನು ಇನ್ನಷ್ಟು ಸಣ್ಣದು ಮಾಡಿ ಗಾಳಿಗೆ ಎಸೆಯುತ್ತದೆ, ಉಸಿರಿನೊಂದಿಗೆ ಅದು ಒಳಗೆ ಹೋಗುತ್ತದೆ.

ಈ ಪಾಠವನ್ನು ಕರ್ನಾಟಕ ಬಹಳ ಬೆಲೆ ತೆತ್ತು ಕಲಿತಿದೆ. ಕಲ್ಲಿನ ಧೂಳಿನಲ್ಲಿರುವ ಸಿಲಿಕಾದಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಭಾರತದಲ್ಲಿ ಮೊದಲಿಗೆ ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ. 1940ರ ದಶಕದಲ್ಲಿ ಅಲ್ಲಿನ ಕಾರ್ಮಿಕರ ತಪಾಸಣೆ ನಡೆದಾಗ ಅದರ ವ್ಯಾಪ್ತಿ ಬಯಲಾಯಿತು. ಗಣಿಗಳು 2001ರಲ್ಲಿ ಮುಚ್ಚಿದವು. ಆದರೆ ಕಲ್ಲು ಕೊಯ್ಯುವ, ಹೊಳಪು ಕೊಡುವ ಕೆಲಸ ಎಲ್ಲೆಲ್ಲಿ ನಡೆಯುತ್ತದೋ ಅಲ್ಲೆಲ್ಲ ಅದೇ ಧೂಳು ಇದೆ. ಬ್ರಿಟನ್ 1949ರಲ್ಲೇ, ಎರಕದ ಲೋಹದ ಮೇಲೆ ಸಿಲಿಕಾ ಮರಳನ್ನು ರಭಸದಿಂದ ಊದಿ ಶುಚಿ ಮಾಡುವ ಪದ್ಧತಿಯನ್ನು ಇದೇ ಕಾರಣಕ್ಕೆ ನಿಷೇಧಿಸಿತು.

ಫೈಬರ್ ದೋಣಿಯ ಧೂಳು ಸಿಲಿಕೋಸಿಸ್ ತರುವ ಜಾತಿಯದಲ್ಲ. ಆದರೆ ಗಾಜಿನ ಎಳೆಯ ಚೂರುಗಳು ಚರ್ಮಕ್ಕೆ ತುರಿಕೆ, ಕಣ್ಣಿಗೆ ಉರಿ, ಗಂಟಲಿಗೆ ಕೆರೆತ ತರುತ್ತವೆ; ರಾಳದ ಪುಡಿಯೂ ಉಸಿರಾಟಕ್ಕೆ ಹಿತವಲ್ಲ. ಹಳೆಯ ದೋಣಿಯ ಬಣ್ಣದಲ್ಲಿ ಸೀಸವಿರಬಹುದು. ಕಡಲ ದೋಣಿಯಾದರೆ ಬಾರ್ನಕಲ್ ಬರದಂತೆ ಬಳಿದ ಬಣ್ಣವೇ ವಿಷ. ಅಂಥ ಬಣ್ಣಗಳಲ್ಲಿ ಬಳಕೆಯಾಗುತ್ತಿದ್ದ ತವರದ ಸಂಯುಕ್ತಗಳು ಕಡಲ ಜೀವಿಗಳಿಗೆ ಮಾರಕವೆಂದು ತಿಳಿದ ಮೇಲೆ, ಅವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂತು. ತಾಮ್ರವಿರುವ ಬಣ್ಣಗಳು ಈಗಲೂ ಇವೆ. ಕೆರೆಯ ಅಂಗಳದಲ್ಲೇ ಬಣ್ಣ ಉಜ್ಜಿ ಪುಡಿಯನ್ನು ಅಲ್ಲೇ ಬಿಟ್ಟರೆ, ಮುಂದಿನ ಮಳೆಗೆ ಅದು ಮೀನು ಬೆಳೆಯುವ ನೀರಿಗೇ ಇಳಿಯುತ್ತದೆ.

ಪರಿಹಾರಗಳು ದುಬಾರಿಯಲ್ಲ. ಸ್ಯಾಂಡರ್ ಕೊಳ್ಳುವಾಗ ಎಷ್ಟು ವಾಟ್ ಎಂದು ಕೇಳುವುದಕ್ಕೆ ಮುಂಚೆ, ಧೂಳು ಹೀರುವ ತೂತೂ ಚೀಲವೂ ಇವೆಯೇ ಎಂದು ಕೇಳುವುದು ಲೇಸು. 2020ರ ಬಳಿಕ ಮನೆಮನೆಗೂ ಪರಿಚಯವಾದ ಎನ್95 ಮಾದರಿಯ ಮಾಸ್ಕು, ಕಣ್ಣಿಗೆ ಕನ್ನಡಕ, ತುಂಬುತೋಳಿನ ಅಂಗಿ, ಕೆಳಗೆ ಹಾಸಿದ ಟಾರ್ಪಾಲು, ಉಳಿದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವ ಅಭ್ಯಾಸ, ಇಷ್ಟರಿಂದ ಬಹಳಷ್ಟು ಅಪಾಯ ತಗ್ಗುತ್ತದೆ. ಎಲ್ಲಕ್ಕಿಂತ ಅಗ್ಗದ ಉಪಾಯ 1921ರಷ್ಟು ಹಳೆಯದು: ಕೊನೆಯ ಹಂತದಲ್ಲಿ ಯಂತ್ರವನ್ನು ಬದಿಗಿಟ್ಟು, ನೀರಿಗೆ ಕೆಡದ ಕಾಗದವನ್ನು ನೆನೆಸಿ ಕೈಯಿಂದ ಉಜ್ಜುವುದು.

ದೊಡ್ಡಬಳ್ಳಾಪುರದ ನೇಕಾರರು ಕೈಮಗ್ಗ ಬಿಟ್ಟು ವಿದ್ಯುತ್ ಮಗ್ಗಕ್ಕೆ ಹೊರಳಿದ ಕಥೆ ಬಲ್ಲವರಿಗೆ, ಯಂತ್ರ ಸಮಯ ಉಳಿಸುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ಉಳಿಸುತ್ತದೆ, ಎಲ್ಲಿ ನಷ್ಟ ಮಾಡುತ್ತದೆ ಎಂಬುದನ್ನು ಮಾತ್ರ ಪ್ರತಿಯೊಂದು ಕಸುಬೂ ತಾನೇ ಕಂಡುಕೊಳ್ಳಬೇಕಾಗುತ್ತದೆ. ಚರ್ಮದ ಹರಿಗೋಲಿಗೆ ಸೂಜಿ ದಾರ, ಹಲಗೆಯ ದೋಣಿಗೆ ತೋಪಡ ಮತ್ತು ಎಣ್ಣೆ, ಅಲ್ಯೂಮಿನಿಯಂ ಒಡಲಿಗೆ ನಯವಾದ ಕಾಗದ, ಫೈಬರಿಗೆ ಮೆತ್ತನೆಯ ಪ್ಯಾಡಿನ ಸ್ಯಾಂಡರ್. ಕಳೆದುಹೋದ ಅರ್ಧ ಮಿಲಿಮೀಟರನ್ನು ಯಾವ ಯಂತ್ರವೂ ಮರಳಿಸದು. ಹೊಸ ದೋಣಿ ಕೊಳ್ಳುವಷ್ಟು ಹಣ ಕೆರೆಯ ಮೀನಿನಿಂದ ಪ್ರತಿವರ್ಷ ಬರುವುದಿಲ್ಲ. ಹೊಸ ಶ್ವಾಸಕೋಶವಂತೂ ಅಂಗಡಿಯಲ್ಲಿ ಸಿಗುವುದಿಲ್ಲ. ಆಯ್ಕೆ ಮಾಡುವ ಮುನ್ನ ಇವೆರಡನ್ನೂ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.